‘ಕುದಿಸಿದರೆ ಹೋಗುತ್ತದೆ’ ಎಂಬ ಸಬೂಬು

ಬಕ್ರೀದಿನ ಮರುದಿನ ಮನೆಯ ಮಹಡಿಯ ಮೇಲೆ ಕೆಂಡ ಹೊತ್ತಿಸಿ ಮಾಂಸ ಸುಡುವುದು ಇಂದು ನಮ್ಮ ಯುವಕರಿಗೆ ಪ್ರಿಯವಾದ ರೂಢಿಯಾಗಿದೆ. ಬಂಧುಮಿತ್ರರು ಕೂಡಿ ಉಣ್ಣುವುದು ಸಂತೋಷದ ವಿಷಯವೇ. ಅಂಗಡಿಯಿಂದ ತಂದ ಬಾರ್ಬೆಕ್ಯೂ ಸಾಸನ್ನು ತಮ್ಮ ರುಚಿಗೆ ತಕ್ಕಂತೆ ತಿದ್ದಿಕೊಳ್ಳುವುದರಲ್ಲೂ ತಪ್ಪಿಲ್ಲ. ಆದರೆ ಅಮೆರಿಕದ ಅಡುಗೆ ವಿಡಿಯೋಗಳನ್ನು ನೋಡಿ, ಅದಕ್ಕೆ ‘ಎರಡೇ ಚಮಚ’ ಬರ್ಬನ್ ವಿಸ್ಕಿಯನ್ನೋ ಬಿಯರನ್ನೋ ಬೆರೆಸುವ ಮಾತು ನಮ್ಮವರ ನಡುವೆಯೂ ಕೇಳಿಬರುತ್ತಿದೆ. ಆಕ್ಷೇಪಿಸಿದರೆ ಉತ್ತರ ಸಿದ್ಧವಾಗಿರುತ್ತದೆ: “ಕುದಿಸಿದರೆ ಅದೆಲ್ಲ ಆವಿಯಾಗಿ ಹೋಗುತ್ತದಲ್ಲ ಉಸ್ತಾದ್!”

ಹೋಗುತ್ತದೆಯೇ? ಮದ್ಯಸಾರವು ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದು ನಿಜ. ಆದರೆ ನೀರಿನೊಡನೆ ಬೆರೆತ ಮೇಲೆ ಅದು ಅಷ್ಟು ಸುಲಭವಾಗಿ ಬಿಟ್ಟುಹೋಗದು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಅಡುಗೆಗೆ ಬೆರೆಸಿದ ಮದ್ಯಸಾರದಲ್ಲಿ 15 ನಿಮಿಷ ಕುದಿಸಿದ ನಂತರವೂ ಸುಮಾರು 40 ಶೇಕಡಾ ಉಳಿಯುತ್ತದೆ. ಒಂದು ಗಂಟೆಯ ನಂತರ 25 ಶೇಕಡಾ, ಎರಡೂವರೆ ಗಂಟೆಯ ನಂತರವೂ 5 ಶೇಕಡಾ. ಮನೆಯಲ್ಲಿ ಸಾಸನ್ನು ಎರಡೂವರೆ ಗಂಟೆ ಕುದಿಸುವವರು ಯಾರಿದ್ದಾರೆ?

ಎಲ್ಲವೂ ಹಾರಿಹೋಗುತ್ತದೆಂದೇ ಒಪ್ಪೋಣ. ಆಗಲೂ ಈ ವಾದ ನಿಲ್ಲದು. ಹೆಚ್ಚು ಪ್ರಮಾಣದಲ್ಲಿ ಅಮಲೇರಿಸುವ ವಸ್ತುವಿನ ಅಲ್ಪ ಪ್ರಮಾಣವೂ ನಿಷಿದ್ಧವೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಮದ್ಯದ ವಿಷಯದಲ್ಲಿ ಶಾಪಕ್ಕೊಳಗಾದ ಹತ್ತು ಮಂದಿಯಲ್ಲಿ ಕುಡಿಯುವವನು ಒಬ್ಬನಷ್ಟೇ. ಅದನ್ನು ಕೊಳ್ಳುವವನೂ ಹೊತ್ತು ತರುವವನೂ ಅವರಲ್ಲಿದ್ದಾರೆ. ಆವಿಯಾಗುವ ಪ್ರಶ್ನೆ ಏಳುವುದು ಒಲೆಯ ಮೇಲೆ. ಪಾಪವಾದರೋ ಅಂಗಡಿಯ ಕಟ್ಟೆಯಲ್ಲೇ ಆಗಿಹೋಗಿರುತ್ತದೆ.

ಇನ್ನು ಕೆಲವರು ಸೀಸೆಯ ಮೇಲಿನ ಹಸಿರು ಚುಕ್ಕೆಯನ್ನು ಕಂಡು ನಿಶ್ಚಿಂತರಾಗುತ್ತಾರೆ. ಆ ಚುಕ್ಕೆ ಸಸ್ಯಾಹಾರವೆಂಬುದನ್ನಷ್ಟೇ ಹೇಳುತ್ತದೆ. ಮದ್ಯದ ಕುರಿತು ಏನನ್ನೂ ಹೇಳದು. ಬರ್ಬನ್ ಹೆಸರಿನ ಸಾಸುಗಳು ಪೇಟೆಯಲ್ಲಿವೆ. ಪದಾರ್ಥಗಳ ಪಟ್ಟಿಯನ್ನು ಓದದೆ ಸೀಸೆಯನ್ನು ಬುಟ್ಟಿಗೆ ಹಾಕುವುದು ಉದಾಸೀನವಲ್ಲದೆ ಮತ್ತೇನು?

ಹಾಗೆಂದು ಮತ್ತೊಂದು ಅತಿರೇಕಕ್ಕೂ ಹೋಗಬಾರದು. ಪಟ್ಟಿಯಲ್ಲಿ ವಿನೆಗರ್ ಎಂದು ಕಂಡೊಡನೆ ಹರಾಮ್ ಎಂದು ವಾಟ್ಸಾಪ್‌ನಲ್ಲಿ ಸಾರುವವರಿದ್ದಾರೆ. ಸಿರ್ಕಾ ಪ್ರವಾದಿ(ಸ)ರವರು ಉಂಡು ಹೊಗಳಿದ ವ್ಯಂಜನ! ತಾನಾಗಿಯೇ ಸಿರ್ಕಾ ಆಗಿ ಮಾರ್ಪಟ್ಟದ್ದು ಧರ್ಮಸಮ್ಮತವೆಂಬುದನ್ನು ವಿದ್ವಾಂಸರು ಒಪ್ಪುತ್ತಾರೆ. ಮದ್ಯಕ್ಕೆ ಬೇರೇನನ್ನೋ ಬೆರೆಸಿ ಉದ್ದೇಶಪೂರ್ವಕವಾಗಿ ಸಿರ್ಕಾ ಮಾಡುವುದನ್ನು ಶಾಫಿಈ ಮದ್‌ಹಬ್ ಒಪ್ಪದು, ಹನಫೀ ಮದ್‌ಹಬ್ ಒಪ್ಪುತ್ತದೆ. ವೂಸ್ಟರ್‌ಶೈರ್ ಸಾಸಿನಲ್ಲಿ ಮೀನಿದೆಯೆಂದು ಗಾಬರಿಪಡುವವರೂ ಇದ್ದಾರೆ. ಮೀನು ನಮಗೆ ಹಲಾಲ್ ಅಲ್ಲವೇ? ಅಲ್ಲಾಹನು ಅನುಮತಿಸಿದ್ದನ್ನು ನಿಷೇಧಿಸುವುದು ಭಕ್ತಿಯಲ್ಲ.

ಅಷ್ಟಕ್ಕೂ ವಿಸ್ಕಿಯಿಂದ ಬಯಸುವುದಾದರೂ ಏನನ್ನು? ಸ್ವಲ್ಪ ಸಿಹಿ, ಸ್ವಲ್ಪ ಖಾರ, ಸುಟ್ಟ ಮರದ ಕಂಪು. ಸಿಹಿಗೆ ನಮ್ಮ ಕಪ್ಪು ಬೆಲ್ಲವಿದೆ, ಖಾರಕ್ಕೆ ಕಾಳುಮೆಣಸಿದೆ. ಹುಳಿಗೆ ಹುಣಸೆಯಿದೆ, ಅರಬರು ಅದನ್ನು ತಮ್ರ್ ಹಿಂದಿ, ಅಂದರೆ ಹಿಂದೂಸ್ತಾನದ ಖರ್ಜೂರ, ಎಂದು ಕರೆದರು. ಸಾಸಿನ ಪಾತ್ರೆಯ ನಡುವೆ ಪುಟ್ಟ ಬಟ್ಟಲಿಟ್ಟು, ಅದರಲ್ಲಿ ನಿಗಿನಿಗಿ ಕೆಂಡವಿರಿಸಿ, ಒಂದು ಹನಿ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿದರೆ ಹೊಗೆಯ ಕಂಪು ತಾನಾಗಿ ಇಳಿಯುತ್ತದೆ. ನಮ್ಮ ಅಜ್ಜಿಯಂದಿರು ಬಲ್ಲ ವಿದ್ಯೆಯಿದು.

ಕಡೆಯದಾಗಿ ಒಂದು ಮಾತು. ತಂದೆ ಚೀಲದಿಂದ ಆ ಸೀಸೆಯನ್ನು ತೆಗೆಯುವಾಗ ಹತ್ತು ವರ್ಷದ ಮಗ ಪಕ್ಕದಲ್ಲೇ ನಿಂತಿರುತ್ತಾನೆ. ಆವಿಯ ಲೆಕ್ಕ ಅವನಿಗೆ ತಿಳಿಯದು. ಆ ಸೀಸೆ ತನ್ನ ಮನೆಯೊಳಗೆ ಬರಬಹುದೆಂಬುದಷ್ಟೇ ತಿಳಿಯುತ್ತದೆ. ನಾಳೆ ಗೆಳೆಯರು ಲೋಟ ಚಾಚಿದಾಗ ಬೇಡವೆನ್ನಲು ಅವನಿಗೆ ನಾವು ಯಾವ ಬಾಯಿಯಿಂದ ಕಲಿಸುವುದು?

ಅಲ್ಲಾಹನು ನಮ್ಮ ಒಲೆಗಳನ್ನೂ ಮಕ್ಕಳನ್ನೂ ಶುದ್ಧವಾಗಿರಿಸಲಿ. ಆಮೀನ್.