ಅರ್ಥ ತಪ್ಪಿದ ದೀಪ

ಕಾರು ಇಟ್ಟುಕೊಂಡವರಲ್ಲಿ ಒಂದು ನಂಬಿಕೆಯುಂಟು: ದೀಪ ಉರಿಯದಿದ್ದರೆ ಬಲ್ಬು ಸತ್ತಿದೆ ಎಂಬುದು. ಈ ನಂಬಿಕೆಯಿಂದ ಅಂಗಡಿಯವರ ವ್ಯಾಪಾರ ಸಾಗುತ್ತದೆ. ಕೊಂಡವರು ಮಾತ್ರ ಎಷ್ಟೋ ಸಲ ಕತ್ತಲೆಯಲ್ಲಿಯೇ ಉಳಿಯುತ್ತಾರೆ. ಕಳೆದ ಕಬ್ಬಿನ ಹಂಗಾಮಿನಲ್ಲಿ ನಾನೂ ಈ ನಂಬಿಕೆಗೆ ಕಾಣಿಕೆ ಸಲ್ಲಿಸಿದವನೇ. ಆದುದರಿಂದ ಈ ವಾರ ಸಾಹಿತ್ಯವನ್ನು ಬದಿಗಿರಿಸಿ, ವಾಚಕರಲ್ಲಿ ಹಳೆಯ ಗಾಡಿಯುಳ್ಳವರಿಗಾಗಿ ನಾಲ್ಕು ಮಾತು ಬರೆಯುತ್ತೇನೆ. ಗಾಡಿಯಿಲ್ಲದವರು ಮನ್ನಿಸಬೇಕು, ಆದರೆ ರಾತ್ರಿಯ ಹೊತ್ತು ರಸ್ತೆಯ ಮೇಲೆ ನಡೆಯುವವರೆಲ್ಲರಿಗೂ ಈ ವಿಷಯ ಸೇರಿದ್ದೇ.

ನಮ್ಮದು 1986ರ ಅಂಬಾಸಡರ್, ತೀರ್ಥರೂಪರು ಕೊಂಡದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ವಂಶದ ಈ ಜಾತಿಯನ್ನು ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಲ್ಲಿಸಿತು. ಅಂದಿನಿಂದ ಅದರ ಬಿಡಿಭಾಗಗಳನ್ನು ಹುಡುಕುವುದು ಹಸ್ತಪ್ರತಿಗಳನ್ನು ಹುಡುಕಿದಷ್ಟೇ ಕಷ್ಟದ ಕೆಲಸ. ಮಾರಿಬಿಡೆಂದು ಹೇಳುವ ಹಿತೈಷಿಗಳು ಬಹಳ, ನಾನು ಕೇಳಿಲ್ಲ.

ಆ ಸಂಜೆ ಭಾಲ್ಕಿಯಲ್ಲಿ ತಾಯಿಯವರ ಎಡಗಣ್ಣಿನ ಪೊರೆ ತೆಗೆಸಿಕೊಂಡು ಸಾಯಗಾಂವಕ್ಕೆ ಮರಳುತ್ತಿದ್ದೆ. ಹೊತ್ತು ಮುಳುಗಿತ್ತು. ದೀಪ ಹಾಕಿದಾಗ ಎಡಗಡೆಯದು ಬೆಳಗಿತು. ಬಲಗಡೆಯದು ಆರುವ ಕೆಂಡದಂತೆ ಕೆಂಪಗೆ ಮಿಣುಕಿತು, ಅಷ್ಟೆ. ಹಿಂದಿನ ವಾರದಿಂದಲೂ ಹಾಗೆಯೇ ಇದ್ದಿತು. ನಾಳೆ ನೋಡೋಣವೆಂದು ಬಿಟ್ಟಿದ್ದೆ. ದಾರಿಯಲ್ಲಿ ಎದುರಿನಿಂದ ಒಂದೇ ದೀಪ ಬರುವುದು ಕಂಡಿತು. ಮೋಟಾರ್ ಸೈಕಲ್ಲೆಂದು ತಿಳಿದು ನಾನು ನಡುರಸ್ತೆಯನ್ನು ಬಿಡಲಿಲ್ಲ. ಹತ್ತಿರ ಬಂದ ಮೇಲೆ ನೋಡಿದರೆ ಅದು ಎರಡು ಟ್ರಾಲಿ ತುಂಬ ಕಬ್ಬು ಹೇರಿದ ಟ್ರಾಕ್ಟರು! ಅದರದೂ ಬಲಗಡೆಯ ದೀಪವೇ ಇರಲಿಲ್ಲ. ಗಾಡಿಯನ್ನು ಎಡಕ್ಕೆ ಎಳೆದೆ. ಕಬ್ಬಿನ ಸೋಗೆ ಬಲಬಾಗಿಲನ್ನು ಉದ್ದಕ್ಕೂ ಸವರಿಕೊಂಡು ಹೋಯಿತು, ಕನ್ನಡಿ ಮುರಿಯಿತು. ಇಬ್ಬರೂ ಇಳಿದೆವು. ಇಬ್ಬರಿಗೂ ಬೈಯುವ ಶಕ್ತಿ ಉಳಿದಿರಲಿಲ್ಲ. "ನಾನೂ ನಿಮ್ಮನ್ನು ಮೋಟಾರ್ ಸೈಕಲ್ಲೇ ಅಂತ ತಿಳಿದೆ ಸರ್" ಎಂದು ಆತ ಮೆಲ್ಲಗೆ ಹೇಳಿದ.

ನಮ್ಮ ದೇಶದಲ್ಲಿ ಎಡಗಡೆಯಿಂದ ಚಲಿಸುವುದು ನಿಯಮವಷ್ಟೆ. ಎದುರಿನವನಿಗೆ ನಮ್ಮ ಗಾಡಿ ಎಲ್ಲಿಗೆ ಮುಗಿಯುತ್ತದೆಂದು ಹೇಳುವುದು ಬಲಗಡೆಯ ದೀಪ. ಎಡದ ದೀಪ ಆರಿದರೆ ರಸ್ತೆಯಂಚು ಕಾಣದೆ ನಮಗೆ ತೊಂದರೆ. ಬಲದ್ದು ಆರಿದರೆ ನಾಲ್ಕೈದು ಅಡಿ ಅಗಲದ ಕಬ್ಬಿಣ ಎದುರಿನವನ ಪಾಲಿಗೆ ಇಲ್ಲವೇ ಇಲ್ಲವೆಂದಾಗುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ತಾಯಿಯವರು, ನಾನು ನಡೆದದ್ದನ್ನು ವಿವರಿಸಿದ ಮೇಲೆ, "ನಿನ್ನ ಗಾಡಿಗೂ ಪೊರೆ ಬಂದಿದೆ, ಅದಕ್ಕೂ ತೋರಿಸು" ಎಂದರು.

ಮರುದಿನ ತೋರಿಸಿದೆ. ಒಂದು ಅಂಗಡಿಯಲ್ಲಿ ಬಲ್ಬು ಬದಲಿಸಿದರು. ಕೆಂಡ ಕೆಂಡವಾಗಿಯೇ ಉಳಿಯಿತು. ಇನ್ನೊಬ್ಬರು ವೈರಿಂಗನ್ನೆಲ್ಲ ಕಿತ್ತು ಹೊಸದು ಹಾಕಬೇಕೆಂದು, ನನ್ನ ಅರ್ಧ ತಿಂಗಳ ಸಂಬಳದ ಲೆಕ್ಕ ಹೇಳಿದರು. ನೆಂಟರ ಹುಡುಗನೊಬ್ಬ ಎಲ್‌ಇಡಿ ಬಲ್ಬು ತರಿಸಿಕೊಡುವೆನೆಂದ. ಮೂರನೆಯವನು, ನೆರಳಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ ಒಬ್ಬ ಮುದುಕ ಮಿಸ್ತ್ರಿ, ಗಾಡಿಯ ಬಳಿಗೂ ಬಾರದೆ, "ಅರ್ಥ್ ಇಲ್ಲ ಸರ್, ಅರ್ಥ್ ನೋಡಿರಿ" ಎಂದ. ಕನ್ನಡ ಎಂ.ಎ. ಓದಿ ಹತ್ತು ವರ್ಷದಿಂದ ಪದ್ಯಗಳ ಅರ್ಥ ಹೇಳುತ್ತಿರುವ ನನಗೆ ಈ ಮಾತು ತಾಗಿತೆಂದೇ ಹೇಳಬೇಕು. ಆತ ಹೇಳಿದ್ದು ಭೂಮಿಯ ಅರ್ಥ್ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು.

ವಿಷಯ ಇಷ್ಟು. ಬ್ಯಾಟರಿಯ ಧನಾಗ್ರದಿಂದ ಹೊರಟ ವಿದ್ಯುತ್ತು ಸ್ವಿಚ್ಚನ್ನು ದಾಟಿ ಬಲ್ಬಿಗೆ ಬರುತ್ತದೆ. ಬಂದದ್ದು ಹಿಂದಿರುಗಬೇಕಲ್ಲವೆ? ಹಿಂದಿರುಗುವ ದಾರಿಗೆ ಬೇರೆ ತಂತಿಯನ್ನು ಎಳೆದಿಲ್ಲ. ಗಾಡಿಯ ಕಬ್ಬಿಣದ ಮೈಯೇ ಆ ದಾರಿ. ಬಲ್ಬಿನ ಹಿಂದಿನಿಂದ ಒಂದು ಮೊಳದಷ್ಟು ಕಪ್ಪು ತಂತಿ ಬಂದು ಮಡ್‌ಗಾರ್ಡಿನ ಒಳಮೈಗೆ ಒಂದು ಸ್ಕ್ರೂವಿನಿಂದ ಸೇರಿರುತ್ತದೆ. ಅಲ್ಲಿಗೆ ಮಳೆಯ ಕೆಸರು ಸಿಡಿಯುತ್ತದೆ. ನಮ್ಮ ಕಡೆಯ ಎರೆಮಣ್ಣು ಒಮ್ಮೆ ಹಿಡಿದರೆ ಬಿಡುವ ಜಾತಿಯದಲ್ಲ. ತುಕ್ಕು ಬೆಳೆಯುತ್ತದೆ. ವಾಮನನಿಗೆ ಬಲಿ ದಾನವನ್ನೆರೆಯುವಾಗ ಶುಕ್ರಾಚಾರ್ಯ ಗಿಂಡಿಯ ಬಾಯಲ್ಲಿ ಅಡ್ಡ ಕುಳಿತನಲ್ಲ, ಹಾಗೆ ಈ ತುಕ್ಕು ಅಡ್ಡ ಕೂರುತ್ತದೆ.

ನನ್ನ ಗಾಡಿ ಇದನ್ನು ಮೊದಲೇ ಹೇಳುತ್ತಿದ್ದಿತು. ಓದಲು ನನಗೆ ಬರಲಿಲ್ಲ. ಕೆಳದೀಪ ಹಾಕಿದ್ದಾಗಲೂ, ಮೇಲ್ದೀಪದ ಗುರುತಾಗಿ ಎದುರಿಗಿರುವ ನೀಲಿ ಚುಕ್ಕೆ ಮಸುಕಾಗಿ ಹೊಳೆಯುತ್ತಿತ್ತು. ಈಗಿನ ಎಚ್4 ಬಲ್ಬಿನಲ್ಲಿ ಎರಡು ತಂತುಗಳು, ಮೂರು ಕಾಲುಗಳು: ಕೆಳದೀಪಕ್ಕೊಂದು, ಮೇಲ್ದೀಪಕ್ಕೊಂದು, ಎರಡಕ್ಕೂ ಸಾಮಾನ್ಯವಾದ ಅರ್ಥ್ ಒಂದು. ಅರ್ಥಿನ ದಾರಿ ಕಟ್ಟಿಕೊಂಡಾಗ ವಿದ್ಯುತ್ತು ಸುಮ್ಮನೆ ಕೂರದು. ಎರಡನೆಯ ತಂತುವಿನ ಮೂಲಕ ಹಿಮ್ಮುಖವಾಗಿ ನುಗ್ಗಿ, ಮೇಲ್ದೀಪದ ತಂತಿಯನ್ನು ಹಿಡಿದು, ಎಡಗಡೆಯ ಬಲ್ಬನ್ನೂ ನೀಲಿ ಚುಕ್ಕೆಯನ್ನೂ ಹಾದು ಮನೆ ಸೇರಲು ನೋಡುತ್ತದೆ. ಹೊತ್ತಬಾರದ ಕಡೆ ಹೊತ್ತುವ ಮಂದ ಬೆಳಕು ಕಂಡಿತೆಂದರೆ, ಬಲ್ಬನ್ನು ಕೊಳ್ಳುವ ಮೊದಲು ಅರ್ಥನ್ನು ನೋಡತಕ್ಕದ್ದು.

ನೋಡುವ ಬಗೆ ಸುಲಭ. ಇನ್ನೂರು ಮುನ್ನೂರು ರೂಪಾಯಿಗೆ ದೊರೆಯುವ ಮೀಟರೊಂದು ಸಾಕು. ಅದನ್ನು ಡಿ.ಸಿ. 20 ವೋಲ್ಟಿಗಿಟ್ಟು, ದೀಪವನ್ನು ಹಾಕಿಯೇ ಇರಿಸಿ, ಒಂದು ಮೊನೆಯನ್ನು ಬ್ಯಾಟರಿಯ ಋಣಾಗ್ರಕ್ಕೂ ಇನ್ನೊಂದನ್ನು ಬಲ್ಬಿನ ಹಿಂದಣ ಕಪ್ಪು ತಂತಿಯ ತುದಿಗೂ ಮುಟ್ಟಿಸಬೇಕು. ಆರೋಗ್ಯವಾದ ಗಾಡಿಯಲ್ಲಿ ಇದು ಸೊನ್ನೆಯ ಹತ್ತಿರ, ಹೆಚ್ಚೆಂದರೆ 0.2 ವೋಲ್ಟು. ನನ್ನದರಲ್ಲಿ 5 ತೋರಿಸಿತು! ಎಂದರೆ 12ರಲ್ಲಿ 5 ವೋಲ್ಟು ತುಕ್ಕಿನ ಪಾಲು. ಬಲ್ಬಿಗೆ ಉಳಿದದ್ದು ಏಳು. ದೀಪವನ್ನು ಆರಿಸದೆ ಅಳೆಯುವುದು ಮುಖ್ಯ. ವಿದ್ಯುತ್ತು ಹರಿಯದಿದ್ದಾಗ ತುಕ್ಕು ತನ್ನನ್ನು ತೋರಿಸಿಕೊಳ್ಳುವುದಿಲ್ಲ.

ಬ್ಯಾಟರಿಯ ಋಣಾಗ್ರವನ್ನು ಕಳಚಿ, ಸ್ಕ್ರೂ ಬಿಚ್ಚಿದೆ. ತಂತಿಯ ತುದಿಯ ಉಂಗುರ ಹಸಿರುಗಟ್ಟಿತ್ತು. ಅದರಡಿಯ ಕಬ್ಬಿಣ ಕಂದುಪುಡಿಯಾಗಿತ್ತು. ಮರಳು ಕಾಗದದಿಂದ ಎರಡನ್ನೂ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನು ಸವರಿದೆ. ಖರ್ಚು ಹತ್ತು ರೂಪಾಯಿ. ಋಣಾಗ್ರವನ್ನು ಮತ್ತೆ ಸೇರಿಸಿ ಸ್ವಿಚ್ಚನ್ನೆಳೆದಾಗ ಬಲಗಡೆಯ ದೀಪ ಎದುರಿನ ಗೋಡೆಯ ಮೇಲೆ ಬೆಳ್ಳಗೆ ಬಿದ್ದಿತು. ನೀಲಿ ಚುಕ್ಕೆ ಆರಿಹೋಗಿತ್ತು. ತೀರ್ಥರೂಪರಿದ್ದಿದ್ದರೆ ಈ ಕೆಲಸಕ್ಕೆ ಇಷ್ಟು ದಿನ ಬೇಕೆ ಎಂದು ಕೇಳುತ್ತಿದ್ದರು.

ಹುರುಪು ಬಂದು ಧನಾಗ್ರದ ಕಡೆಯೂ ಅಳೆದೆ. ಅಲ್ಲಿ ಎರಡೂ ದೀಪಗಳಿಗೆ 1.2 ವೋಲ್ಟು ಸೋರಿಹೋಗುತ್ತಿತ್ತು. ಹತ್ತರಲ್ಲಿ ಒಂದು ಪಾಲು ತಾನೆ ಎಂದು ಉದಾಸೀನ ಮಾಡುವಂತಿಲ್ಲ. ಬಲ್ಬಿನ ಸ್ವಭಾವವೆಂದರೆ ಒತ್ತಡ ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಸುಮಾರು ಮೂರು ಪಾಲು ಇಳಿಯುತ್ತದೆ. ಒಂದು ಭಾಗದ ದೋಷ ಕಾಲಿನಿಂದ ಒತ್ತುವ ಡಿಪ್ಪರ್ ಸ್ವಿಚ್ಚಿನಲ್ಲಿತ್ತು. ಕ್ಲಚ್ಚಿನ ಪಕ್ಕದಲ್ಲಿರುವ ಆ ಗುಂಡಿ, ನಮ್ಮ ಚಪ್ಪಲಿಯ ಮಣ್ಣನ್ನೆಲ್ಲ ವರ್ಷಾನುವರ್ಷ ಉಂಡು ಬದುಕುವ ಬಡಪ್ರಾಣಿ. ತೊಳೆದು ಒರಸಿ ಐವತ್ತು ಸಲ ಒತ್ತಿದ ಮೇಲೆ ಸುಧಾರಿಸಿತು. ಮಿಕ್ಕದ್ದಕ್ಕೆ ರಿಲೇ ಹಾಕಿಸಿದೆ. 55 ವಾಟಿನ ಎರಡು ದೀಪಗಳಿಗೆ ಒಟ್ಟು ಒಂಬತ್ತು ಆಂಪಿಯರಿನಷ್ಟು ಬೇಕು. ಮುಪ್ಪಾದ ಸ್ವಿಚ್ಚಿನಿಂದ ಅಷ್ಟನ್ನೂ ಹೊರಿಸುವ ಬದಲು, ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರವಾಗಿ ತಂದು, ಸ್ವಿಚ್ಚಿಗೆ ಅಪ್ಪಣೆ ಕೊಡುವ ಕೆಲಸವನ್ನಷ್ಟೇ ಉಳಿಸುವುದು ರಿಲೇಯ ಉಪಕಾರ. ಆ ತಂತಿಗೆ ಬ್ಯಾಟರಿಯ ಬುಡದಲ್ಲಿಯೇ ಫ್ಯೂಜು ಇರಲೇಬೇಕು. ಹಳೆಯ ಬ್ರಿಟಿಷ್ ಮಾದರಿಯ ಅನೇಕ ಗಾಡಿಗಳಲ್ಲಿ ಹೆಡ್‌ಲೈಟಿಗೆ ಫ್ಯೂಜೇ ಇರಲಿಲ್ಲವೆಂಬುದನ್ನು ನೆನೆದರೆ ಈಗಲೂ ಮೈ ಝುಮ್ಮೆನ್ನುತ್ತದೆ. ಹೊಸ ಬಲ್ಬು ಹಾಕುವವರು ಅದರ ಗಾಜನ್ನು ಬೆರಳಿನಿಂದ ಮುಟ್ಟದಿರಲಿ. ಬೆರಳಿನ ಜಿಡ್ಡು ಕಾದ ಗಾಜಿಗೆ ವಿಷ.

ಎಲ್‌ಇಡಿಯ ಹುಡುಗನಿಗೆ ಬೇಡವೆಂದೆ. ನಮ್ಮ ದೀಪದ ಬಟ್ಟಲು ಸಣ್ಣ ತಂತುವೊಂದರ ಬೆಳಕಿಗಾಗಿ ತಿದ್ದಿದ್ದು. ಅದರಲ್ಲಿ ಬೇರೆ ಆಕಾರದ ಬೆಳಕನ್ನಿಟ್ಟರೆ ರಸ್ತೆಗೆ ಬೀಳಬೇಕಾದದ್ದು ಎದುರಿನವನ ಕಣ್ಣಿಗೆ ಬೀಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, 8 ಮೀಟರು ಮುಂದೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣನ್ನು ದೀಪ ಕುಕ್ಕಬಾರದೆಂದು ವಿಧಿಸಿದೆ. ಒಂದೂವರೆ ಮೀಟರೆಂದರೆ ರಸ್ತೆಯಂಚಿನಲ್ಲಿ ನಡೆದುಹೋಗುವ ಮನುಷ್ಯನ ಕಣ್ಣಲ್ಲವೆ? ದಾರಿ ಕಾಣಲೆಂದು ಹಾಕಿದ ದೀಪದಿಂದ ಆತ ದಾರಿ ಕಾಣದೆ ನಿಲ್ಲುವುದನ್ನು ನಮ್ಮ ಊರಿನ ಬಳಿ ನಿತ್ಯ ನೋಡುತ್ತೇನೆ.

ಕೊನೆಗೆ ದೀಪದ ನೋಟವನ್ನು ತಿದ್ದಿದೆ. ಸಮನೆಲದಲ್ಲಿ ಗೋಡೆಯಿಂದ 25 ಅಡಿ ದೂರಕ್ಕೆ ಗಾಡಿಯನ್ನು ನಿಲ್ಲಿಸಿ, ದೀಪದ ನಡುಬಿಂದುವಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಯೆಳೆದು, ಕೆಳದೀಪದ ಬೆಳಕಿನ ಮೇಲಂಚು ಆ ಗೆರೆಗಿಂತ ಮೂರು ಅಂಗುಲ ಕೆಳಗೆ ಬೀಳುವಂತೆ ಮೇಲಿನ ಸ್ಕ್ರೂವನ್ನು ತಿರುಗಿಸಿದೆ. ಚಾಲಕನ ಭಾರವೂ ಇರಬೇಕಾದುದರಿಂದ ತಾಯಿಯವರನ್ನು ಸ್ಟೇರಿಂಗಿನ ಮುಂದೆ ಕೂರಿಸಿದ್ದೆ. ಪಟ್ಟಿ ಬಿಚ್ಚಿ ಎರಡು ವಾರವಾಗಿತ್ತು. ಗೋಡೆಯ ಗೆರೆ ಸ್ವಲ್ಪ ಸೊಟ್ಟಗಿದೆಯೆಂದು ಅವರೇ ಅಲ್ಲಿಂದ ಹೇಳಿದರು. ನೋಡಿದೆ; ಹೌದು.

ಈ ನಡುವೆ ಆ ಟ್ರಾಕ್ಟರಿನವರು ಮುರಿದ ಕನ್ನಡಿಯ ಬೆಲೆ ಕೊಡಲು ಮನೆ ಹುಡುಕಿಕೊಂಡು ಬಂದರು. ಹಣ ತೆಗೆದುಕೊಳ್ಳಲಿಲ್ಲ. ಅವರ ಬಲಗಡೆಯ ದೀಪ ಇನ್ನೂ ಹಾಗೆಯೇ ಇದೆಯಂತೆ. ಮೂರು ಬಲ್ಬು ಬದಲಿಸಿದ್ದಾರಂತೆ. ಭಾನುವಾರ ಬೆಳಿಗ್ಗೆ ಟ್ರಾಕ್ಟರನ್ನು ನಮ್ಮ ಅಂಗಳಕ್ಕೆ ತರಲು ಹೇಳಿದ್ದೇನೆ. ಮರಳು ಕಾಗದ ಅರ್ಧ ಹಾಳೆ ಉಳಿದಿದೆ.