ಕಿತ್ತುಕೊಂಡರೆ ಮುಗಿಯಿತೇ?

‘ಹದಿನಾರು ತುಂಬುವವರೆಗೆ ಮಕ್ಕಳ ಕೈಗೆ ಮೊಬೈಲ್ ಬೇಡ’ ಎಂಬ ಲೇಖನ ಓದಿದೆ. ಹೋಂವರ್ಕ್ ಬರುವುದೇ ಅಮ್ಮನ ವಾಟ್ಸ್‌ಆ್ಯಪ್‌ಗೆ. ಇನ್‌ಸ್ಟಾಗ್ರಾಂ ಖಾತೆ ತೆರೆದಿರುವುದು ಅಪ್ಪನ ಹುಟ್ಟಿದ ದಿನಾಂಕ ಕೊಟ್ಟು. ಯಾರ ಕೈಯಿಂದ ಕಿತ್ತುಕೊಳ್ಳುತ್ತೀರಿ? ಅಷ್ಟೇ ಅಲ್ಲ, ಮಗುವಿನ ಖಾಸಗಿ ಫೋಟೊ ಹಿಡಿದು ಬೆದರಿಸುವವನು ನೆಚ್ಚಿಕೊಂಡಿರುವುದೇ ಈ ಭಯವನ್ನು: ಮನೆಯಲ್ಲಿ ಹೇಳಿದರೆ ಫೋನ್ ಹೋಯಿತು, ಹುಡುಗಿಯಾದರೆ ಕಾಲೇಜೂ ಬಂದ್. ಮಗು ಬಾಯಿ ಬಿಡುವುದಾದರೂ ಹೇಗೆ?

ಇಂಥ ಪ್ರಕರಣಗಳಿಗೂ ಅನ್ವಯಿಸುವ 2012ರ ಪೋಕ್ಸೊ ಕಾಯ್ದೆಯ ಮಾತೇ ಲೇಖನದಲ್ಲಿಲ್ಲ. ಅಂಥ ಫೋಟೊಗಳನ್ನು ಜಾಲತಾಣಗಳಿಂದ ತೆಗೆಸಲು ನೆರವಾಗುವ ‘ಟೇಕ್ ಇಟ್ ಡೌನ್’ ಸೇವೆಯದೂ ಇಲ್ಲ. ಅದರಲ್ಲಿ ಚಿತ್ರ ಫೋನಿನಲ್ಲೇ ಉಳಿಯುತ್ತದೆ, ಸೇರಿಕೊಂಡಿರುವ ಕಂಪನಿಗಳಿಗೆ ಹೋಗುವುದು ಅದರ ಡಿಜಿಟಲ್ ಗುರುತು ಮಾತ್ರ. ಪಾಲಕರೇ, ಮಗು ಹೇಳಿಕೊಂಡ ದಿನ ಬೈಯಬೇಡಿ, ಹಣವನ್ನೂ ಕಳಿಸಬೇಡಿ. ಬೆದರಿಕೆಯ ಮೆಸೇಜ್ ಅಳಿಸದೆ ಇಟ್ಟುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.