ಎತ್ತಿಡುವುದೂ ಪಾಠವೇ

ಸಂಜೆಯ ಗಂಟೆಗೆ ಐದು ನಿಮಿಷ ಇರುವಾಗ ನಿಮ್ಮ ನಲಿಕಲಿ ಕೊಠಡಿಯ ನೆಲವನ್ನೊಮ್ಮೆ ನೋಡಿ. ಅಕ್ಷರದ ಕಾರ್ಡುಗಳು, ಮಣಿಗಳು, ಹುಣಸೆ ಬೀಜ, ಮಣ್ಣಿನ ಆನೆ, ಗೆರಟೆಯ ತಕ್ಕಡಿ, ಎಲ್ಲವೂ ಚೆಲ್ಲಾಪಿಲ್ಲಿ. ಗಂಟೆ ಬಾರಿಸಿತೋ ಇಲ್ಲವೋ ಮಕ್ಕಳು ಚೀಲ ಹೆಗಲಿಗೇರಿಸಿ ಹೊರಗೆ ಓಡುತ್ತಾರೆ. ಆಮೇಲೆ ಹೆಕ್ಕುವವರು ಯಾರು? ಸಾಮಾನ್ಯವಾಗಿ ಟೀಚರ್, ಇಲ್ಲವೇ ‘ಜಾಣೆಯರು’ ಎಂದು ಹೆಸರು ಪಡೆದ ಇಬ್ಬರು ಹುಡುಗಿಯರು.

ಇದನ್ನು ನಾವು ಶಿಸ್ತಿನ ಪ್ರಶ್ನೆ ಎಂದುಕೊಂಡಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಇದು ವಿಜ್ಞಾನ ಕಲಿಕೆಯ ಪ್ರಶ್ನೆ. ಹರಡಿದ್ದನ್ನು ಅದರದರ ಜಾಗಕ್ಕೆ ಸೇರಿಸಬೇಕಾದರೆ ಮಗು ಪ್ರತಿಯೊಂದನ್ನೂ ನೋಡಬೇಕು, ಇದು ಯಾವುದರ ಜೊತೆ ಸೇರುತ್ತದೆ ಎಂದು ತೀರ್ಮಾನಿಸಬೇಕು. ಇದೇ ವರ್ಗೀಕರಣ. ಮುಂದೆ ಸಸ್ಯ, ಪ್ರಾಣಿಗಳನ್ನು ಗುಂಪು ಮಾಡುವಾಗಲೂ ಮಗು ಮಾಡುವುದು ಇದನ್ನೇ.

ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮಕ್ಕಳಿಗೆ ಇದು ಹೊಸತಲ್ಲ. ಮನೆಯ ಜಗಲಿಯಲ್ಲಿ ಸುಲಿದ ಅಡಿಕೆಯ ರಾಶಿಯ ಮುಂದೆ ಕುಳಿತ ಹಿರಿಯರು ಒಳ್ಳೆಯದು ಬೇರೆ, ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ ಎಂದು ಹೆಕ್ಕುವುದನ್ನು ಅವರು ಕಂಡಿದ್ದಾರೆ. ಕರಿಗೋಟು ಒಳ್ಳೆಯ ಅಡಿಕೆಯ ಚೀಲಕ್ಕೆ ಸೇರಿದರೆ ಧಾರಣೆ ಇಳಿಯುತ್ತದೆ ಎಂಬುದೂ ಅವರಿಗೆ ಗೊತ್ತು. ಆ ಕೆಲಸವನ್ನು ಯಾರೂ ಶಿಕ್ಷೆ ಎನ್ನುವುದಿಲ್ಲ. ನಾವು ಮಾತ್ರ ತರಗತಿಯಲ್ಲಿ ಗಲಾಟೆ ಮಾಡಿದವನಿಗೆ “ಎಲ್ಲ ಹೆಕ್ಕು” ಎಂದು ಶಿಕ್ಷೆ ಕೊಡುತ್ತೇವೆ!

“ಎಲ್ಲ ಎತ್ತಿಡಿ” ಎಂಬ ಆಜ್ಞೆ ಸಣ್ಣ ಮಗುವಿಗೆ ತೀರಾ ದೊಡ್ಡದು. ಚಿಕ್ಕ ಮಕ್ಕಳು ಬಣ್ಣ ನೋಡಿ ವಿಂಗಡಿಸಲು ಆರಂಭಿಸಿ ಮಧ್ಯದಲ್ಲಿ ಆಕಾರಕ್ಕೆ ಜಾರುತ್ತಾರೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಗಮನಿಸಿದ್ದರು. ಅದು ಹಟವಲ್ಲ, ಬೆಳವಣಿಗೆಯ ಒಂದು ಹಂತ. ಆದ್ದರಿಂದ “ಮೊದಲು ಕೆಂಪು ಮಣಿ ಮಾತ್ರ” ಎನ್ನಿ. ಅದು ಮುಗಿದ ಮೇಲೆ ಬೀಜಗಳು. ಬೆಲ್ಲಿಗೆ ಹತ್ತು ನಿಮಿಷ ಮೊದಲೇ ಆರಂಭಿಸಿ; ಓಡುವ ಆತುರದಲ್ಲಿ ಯಾವ ಮಗುವೂ ವಿಂಗಡಿಸಲಾರದು.

ಇನ್ನು ಜಾಗದ ವಿಷಯ. 1907ರಲ್ಲಿ ಮರಿಯಾ ಮಾಂಟೆಸೊರಿ ರೋಮ್ ನಗರದ ಬಡಕೇರಿಯಲ್ಲಿ ಶಿಶುಗೃಹ ತೆರೆದಾಗ ಸಾಮಾನುಗಳಿದ್ದ ಕಪಾಟಿಗೆ ಬೀಗ ಇರುತ್ತಿತ್ತು. ಹಂಚುವುದು, ತಿರುಗಿ ಇಡುವುದು ಎರಡೂ ಶಿಕ್ಷಕಿಯ ಕೆಲಸ. ಒಂದು ದಿನ ಬೀಗ ಹಾಕಲು ಮರೆತುಹೋಯಿತು. ಮರುದಿನ ಬಂದು ನೋಡಿದರೆ ಮಕ್ಕಳು ತಾವೇ ಬೇಕಾದ್ದನ್ನು ತೆಗೆದುಕೊಂಡಿದ್ದರು. ಶಿಕ್ಷಕಿ ಅದನ್ನು ಕಳ್ಳತನ ಎಂದರು. ಯಾವ ವಸ್ತು ಎಲ್ಲಿದೆ ಎಂದು ಮಕ್ಕಳಿಗೆ ಗೊತ್ತಾಗಿದೆ, ಆರಿಸಿಕೊಳ್ಳಲೂ ಬರುತ್ತದೆ ಎಂದು ಮಾಂಟೆಸೊರಿ ತಿಳಿದರು. ಎತ್ತರದ ಕಪಾಟಿನ ಬದಲು ಮಕ್ಕಳ ಕೈಗೆಟಕುವ ತಗ್ಗಿನ ಕಪಾಟು ಬಂದದ್ದು ಆಮೇಲೆ.

ನಮ್ಮ ನಲಿಕಲಿಯಲ್ಲೂ ಇದೇ ವಿಚಾರ ಅಡಗಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ಬಂದ ಈ ಪದ್ಧತಿಯಲ್ಲಿ ಕಾರ್ಡುಗಳ ಮೇಲೆ ಚಿತ್ರದ ಗುರುತು ಇರುತ್ತದೆ. ಓದಲು ಬಾರದ ಮಗುವೂ ಗುರುತು ನೋಡಿ ಕಾರ್ಡು ತೆಗೆಯಬಲ್ಲದು, ಅಲ್ಲೇ ಇಡಬಲ್ಲದು. ಆಟದ ಸಾಮಾನಿನ ಡಬ್ಬಗಳಿಗೂ ಅದೇ ರೀತಿ ಚಿತ್ರ ಅಂಟಿಸಲು ಖರ್ಚೇನೂ ಇಲ್ಲ.

ಆದರೆ ನಾವು ಹೆದರುತ್ತೇವೆ. ಸಾಮಾನು ಕಳೆದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಲ್ಲ! ಹಾಗಾಗಿ ಗಣಿತದ ಕಿಟ್ ಕಬ್ಬಿಣದ ಕಪಾಟಿನೊಳಗೆ, ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿ. ಕಳೆದುಹೋದ ಹತ್ತು ಮಣಿಗೆ ಸಮಜಾಯಿಷಿ ಕೇಳುವ ಮೇಲಿನವರು, ಪೊಟ್ಟಣವನ್ನೇ ಬಿಚ್ಚದ ಕಿಟ್ಟಿಗೂ ಸಮಜಾಯಿಷಿ ಕೇಳಬೇಕು ಎನ್ನುವುದು ನನ್ನ ವಾದ.

ಮಳೆಗಾಲದಲ್ಲಿ ಎತ್ತಿಡಲು ಇನ್ನೊಂದು ಕಾರಣವೂ ಇದೆ. ಕಾಗದ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಜೂನ್, ಜುಲೈ ತಿಂಗಳಲ್ಲಿ ನೆಲದ ಮೇಲೆ ಬಿಟ್ಟ ಕಾರ್ಡು ಬೇಗ ಸೊಟ್ಟಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಒಂದು ಹಳೆಯ ಕಾರ್ಡನ್ನು ಮುಚ್ಚಳದ ಡಬ್ಬದಲ್ಲಿ, ಇನ್ನೊಂದನ್ನು ಕಿಟಕಿಯ ಬಳಿ ಇಟ್ಟು ವಾರದ ನಂತರ ಮಕ್ಕಳಿಗೆ ತೋರಿಸಿ. ಉಪದೇಶ ಬೇಕಾಗುವುದಿಲ್ಲ.

ಆಟಿ ತಿಂಗಳಲ್ಲಿ ಚೆನ್ನೆಮಣೆಯನ್ನೂ ತರಗತಿಗೆ ತನ್ನಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಮಣೆ ಸಿಗದಿದ್ದರೆ ಹದಿನಾಲ್ಕು ಗೆರಟೆ ಸಾಲಾಗಿಟ್ಟರೂ ಆಯಿತು. ಆಟ ಮುಗಿದ ಮೇಲೆ ಗುಳಿಗೆ ನಾಲ್ಕರಂತೆ ತುಂಬಿಸಿ ಎತ್ತಿಡಲು ಹೇಳಿ. ಕೊನೆಯ ಗುಳಿಯಲ್ಲಿ ಮೂರೇ ಇದ್ದರೆ ಚಾಪೆಯಡಿ ಹುಡುಕಲು ಮಕ್ಕಳೇ ಹೊರಡುತ್ತಾರೆ. ಆ ಹುಡುಕಾಟದಲ್ಲಿ ಹುಡುಗರೂ ಇರಲಿ.